ಕನ್ಸೋಲಿನ ಬಲ ಮತ್ತು ಆಯುಷ್ಯ

ಓಣಂ ರಜೆ ಮುಗಿದು ಶಾಲೆ ತೆರೆದ ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು ಸಲಹೆಯೊಂದನ್ನು ಕೇಳಿದ. ದುಬೈಯಲ್ಲಿರುವ ಅವನ ಅಣ್ಣ ಊರಿಗೆ ಬರುವಾಗ ಟಿ.ವಿ.ಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ತರುತ್ತಾನಂತೆ. "ಎಲ್ಲಕ್ಕಿಂತ ಹೆಚ್ಚು ಪವರ್ ಇರುವುದನ್ನೇ ತರಲು ಹೇಳುತ್ತೇನೆ ಸರ್. ಅದಕ್ಕಾದರೆ ಎಲ್ಲ ಗೇಮೂ ಬರುತ್ತದೆ, ಹತ್ತು ವರ್ಷ ಬಾಳುತ್ತದೆ, ಅಲ್ಲವೇ?" ಎಂದ. ಕನ್ನಡ ಅಧ್ಯಾಪಕನಲ್ಲಿ ಇದನ್ನೇಕೆ ಕೇಳಿದನೆಂದು ನೀವು ನಗಬಹುದು. ಚಿಕ್ಕಂದಿನಲ್ಲಿ ನನಗೂ ಈ ಚಟವಿತ್ತೆಂಬ ಗುಟ್ಟು ಮಕ್ಕಳಿಗೆ ಹೇಗೋ ತಿಳಿದುಬಿಟ್ಟಿದೆ. ನಿಂತಲ್ಲೇ ಕೊಟ್ಟ ಉತ್ತರ ಸಾಲದೆನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕನ್ಸೋಲ್ ತಯಾರಿಸುವ ಕಂಪೆನಿ ತಾನೇ ಮಾಡುವ ಆಟಗಳು ಕೆಲವು ಮಾತ್ರ. ಉಳಿದವು ಹೊರಗಿನ ಕಂಪೆನಿಗಳಿಂದ ಬರಬೇಕು. ತೊಂಬತ್ತರ ದಶಕದಲ್ಲಿ ನಾವು ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ 'ಟಿ.ವಿ. ಗೇಮ್'ಗಳಲ್ಲಿ ಹೆಚ್ಚಿನವು ಜಪಾನಿನ ನಿಂಟೆಂಡೊ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳು. ಅದರ ಮಾರಿಯೋ ನಿಂಟೆಂಡೊದ್ದೇ. ಆದರೆ ನಾವು ಸರದಿಗಾಗಿ ಜಗಳವಾಡುತ್ತಿದ್ದ ಕಾಂಟ್ರಾ, ಕೊನಾಮಿ ಎಂಬ ಬೇರೆ ಕಂಪೆನಿಯದು. ಬರೇ ಎರಡು ಕಿಲೋಬೈಟ್ ಮುಖ್ಯ ಮೆಮೊರಿಯಿದ್ದ ಆ ಬಡ ಯಂತ್ರವನ್ನು ನಿಂಟೆಂಡೊ 2003ರವರೆಗೆ, ಎಂದರೆ ಇಪ್ಪತ್ತು ವರ್ಷ ತಯಾರಿಸಿತು.

ಅದೇ ನಿಂಟೆಂಡೊ 1996ರಲ್ಲಿ ತಂದ ನಿಂಟೆಂಡೊ 64, ಲೆಕ್ಕಾಚಾರದ ಶಕ್ತಿಯಲ್ಲಿ ಸೋನಿಯ ಪ್ಲೇಸ್ಟೇಷನ್ನನ್ನು ಮೀರಿಸುವಂಥದು. ಆದರೆ ಅದು ಕ್ಯಾಸೆಟ್ಟನ್ನೇ ನೆಚ್ಚಿತು. ಅತಿ ದೊಡ್ಡ ಕ್ಯಾಸೆಟ್ಟಿನಲ್ಲಿ 64 ಮೆಗಾಬೈಟ್ ಹಿಡಿದರೆ ಪ್ಲೇಸ್ಟೇಷನ್ನಿನ ಸಿ.ಡಿ.ಯಲ್ಲಿ ಸುಮಾರು 650 ಹಿಡಿಯುತ್ತಿತ್ತು, ಸಿ.ಡಿ. ಅಗ್ಗವೂ ಹೌದು. ಅಲ್ಲಿಯವರೆಗೆ ನಿಂಟೆಂಡೊ ಯಂತ್ರಗಳಿಗೇ ಬರುತ್ತಿದ್ದ ಫೈನಲ್ ಫ್ಯಾಂಟಸಿ ಮಾಲೆಯ ಏಳನೆಯ ಆಟ 1997ರಲ್ಲಿ ಮೂರು ಸಿ.ಡಿ.ಗಳಾಗಿ ಸೋನಿಯ ಪಾಲಾಯಿತು. ಹಲ್ಲಿದ್ದರೂ ಕಡಲೆ ಸಿಗಲಿಲ್ಲ. ಪ್ಲೇಸ್ಟೇಷನ್ ಹತ್ತು ಕೋಟಿ ದಾಟಿತು, ನಿಂಟೆಂಡೊ 64 ಮೂರೂಕಾಲು ಕೋಟಿಯ ಆಸುಪಾಸಿನಲ್ಲಿ ನಿಂತಿತು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ದೃಷ್ಟಾಂತ ಪ್ಲೇಸ್ಟೇಷನ್ 2. ಅದು ಬಂದುದು 2000ದಲ್ಲಿ. ಮರುವರ್ಷ ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಅದಕ್ಕಿಂತ ಬಲಶಾಲಿ. ಆದರೆ ಡಿ.ವಿ.ಡಿ. ಸಿನಿಮಾ ತೋರಿಸುತ್ತಿದ್ದ, ಹಳೆಯ ಪ್ಲೇಸ್ಟೇಷನ್ನಿನ ಆಟಗಳನ್ನೂ ಆಡಿಸುತ್ತಿದ್ದ ಯಂತ್ರ ಅಷ್ಟರಲ್ಲಿ ಮನೆಮನೆ ಹೊಕ್ಕಾಗಿತ್ತು. ಗಿರಾಕಿಗಳಿದ್ದಲ್ಲಿಗೆ ಆಟ ಮಾಡುವವರು ಬಂದರು. ಆಟಗಳಿದ್ದಲ್ಲಿಗೆ ಮತ್ತಷ್ಟು ಗಿರಾಕಿಗಳು. ಉತ್ತರಾಧಿಕಾರಿಯಾದ ಪ್ಲೇಸ್ಟೇಷನ್ 3 ಹೊರಟು ಮೂರು ವರ್ಷಗಳಾಗಿದ್ದ 2009ರಲ್ಲಿ, ಹೈದರಾಬಾದಿನ ಕಂಪೆನಿಯೊಂದು ಹನುಮಂತನನ್ನು ನಾಯಕನನ್ನಾಗಿಸಿ ಆಟ ತಂದುದು ಈ ಮುದಿ ಯಂತ್ರಕ್ಕೇ. 2013ರಲ್ಲೂ ಅದಕ್ಕೆ ಹೊಸ ಫಿಫಾ ಫುಟ್‌ಬಾಲ್ ಬಂತು. ಒಟ್ಟು ಮಾರಾಟ ಹದಿನೈದು ಕೋಟಿಗೂ ಮೇಲೆ. ಎಕ್ಸ್‌ಬಾಕ್ಸಿನದು ಸುಮಾರು ಎರಡೂವರೆ ಕೋಟಿ.

ಹಾಗೆಂದು ಬಲ ಬೇಡವೇ ಬೇಡ ಎಂದು ನಾನು ವಾದಿಸಲಾರೆ. ನಿಂಟೆಂಡೊದ ವೀ (2006) ಕೈಯಾಡಿಸಿ ಆಡುವ ಹೊಸತನದಿಂದ ಹತ್ತು ಕೋಟಿ ಮೀರಿ ಮಾರಾಟವಾದರೂ ಎದುರಾಳಿಗಳಿಗಿಂತ ಬಹಳ ದುರ್ಬಲ. ಅವುಗಳಿಗೆಂದು ಮಾಡಿದ ದೊಡ್ಡ ಆಟಗಳನ್ನು ಇದರೊಳಗೆ ತುರುಕಲು ಆಗುತ್ತಿರಲಿಲ್ಲ. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಂಬ ಆಟ ಎಕ್ಸ್‌ಬಾಕ್ಸಿಗೆ ತಡವಾಗಿ ಬಂದುದಕ್ಕೂ ಕಾರಣ ಅದರ ಕಿರಿಯ ಮಾದರಿಯಾದ ಸೀರೀಸ್ ಎಸ್. ಒಂದೇ ಪರದೆಯನ್ನು ಇಬ್ಬರು ಹಂಚಿಕೊಂಡು ಆಡುವ ಸೌಲಭ್ಯವನ್ನು ಅದರಲ್ಲಿ ಕೈಬಿಡಬೇಕಾಯಿತು.

ಆದರೆ 2017ರ ಸ್ವಿಚ್ಚನ್ನು ನೋಡಿ. ಅದೂ ಎದುರಾಳಿಗಳಿಗಿಂತ ದುರ್ಬಲವೇ. ಆದರೂ ವಿಚರ್ 3ರಂಥ ಭಾರೀ ಆಟವನ್ನು ಚಿತ್ರದ ಮೆರುಗು ಇಳಿಸಿ 2019ರಲ್ಲಿ ಅದಕ್ಕೆ ಹೊಂದಿಸಿದರು. ಅಷ್ಟು ಪಾಡು ಪಟ್ಟದ್ದೇಕೆ? ಕೊಳ್ಳುವವರು ಕೋಟಿಗಟ್ಟಲೆ ಇದ್ದರು. ಅದರ ಹಿಂದಿನ ವೀ ಯೂ ಕೂಡ ದುರ್ಬಲವೇ ಆಗಿತ್ತು, ಆದರೆ ಮಾರಾಟವಾದುದು ಒಂದೂಮುಕ್ಕಾಲು ಕೋಟಿಗಿಂತಲೂ ಕಡಿಮೆ. ಹೊರಗಿನವರು ಬೇಗನೇ ಬೆನ್ನು ತಿರುಗಿಸಿದರು.

ಇನ್ನೊಂದು ಮಾತನ್ನು ಜಾಹೀರಾತುಗಳು ಹೇಳುವುದಿಲ್ಲ. ದೊಡ್ಡ ಆಟವೊಂದಕ್ಕೆ ನೂರಾರು ಜನರ ವರ್ಷಗಟ್ಟಲೆ ದುಡಿಮೆ ಬೇಕು. ಆ ಖರ್ಚು ಹುಟ್ಟಬೇಕಾದರೆ ಒಂದೇ ಆಟವನ್ನು ಎರಡು ಮೂರು ಯಂತ್ರಗಳಿಗೆ ಮಾರಲೇಬೇಕು. ಆಗ ಆಟದ ಅಳತೆ ನಿಲ್ಲುವುದು ಅವುಗಳಲ್ಲಿ ಕಡಿಮೆ ಬಲದ್ದನ್ನು ನೋಡಿ. ಬಲಶಾಲಿ ಯಂತ್ರದ ಹೆಚ್ಚುವರಿ ಶಕ್ತಿ ಬಹುಮಟ್ಟಿಗೆ ನೀರಿನ ಹೊಳಪಿಗೂ ನೆರಳಿನ ನಯಕ್ಕೂ ಖರ್ಚಾಗುತ್ತದೆ. ಅಣ್ಣನ ಓವರ್‌ಟೈಮ್ ದುಡಿಮೆಯನ್ನು ಅದಕ್ಕೆ ಸುರಿಯಬೇಕೆ ಎಂಬುದೇ ನನ್ನ ತಕರಾರು.

ಮೊನ್ನೆ ಆ ಹುಡುಗ ಮತ್ತೆ ಬಂದಿದ್ದ. ತಾನು ಆಡಬೇಕೆಂದಿರುವ ಆಟಗಳನ್ನೂ ಅವು ಯಾವ ಯಾವ ಯಂತ್ರಕ್ಕೆ ಸಿಗುತ್ತವೆ ಎಂಬುದನ್ನೂ ಕನ್ನಡದಲ್ಲೇ ಪಟ್ಟಿ ಮಾಡಿದ್ದ. ಅಣ್ಣನಿಗೆ ಕಳುಹಿಸುವ ಮೊದಲು ನನಗೆ ತೋರಿಸಿದ. ಕಾಗುಣಿತದ ತಪ್ಪು ಮೂರಿದ್ದವು, ತಿದ್ದಿಕೊಟ್ಟೆ.