ಹೆಡರಿನ ಹಂಬಲ

ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನೊಬ್ಬನು ಮೋಟಾರು ಗಾಡಿಯ ಹೊಗೆಕೊಳವೆಯನ್ನು ಕುರಿತು ಲೇಖನ ಬರೆಯ ಹೊರಟದ್ದನ್ನು ಕಂಡು ಸಂಪಾದಕ ಮಂಡಲಿಯವರು ಹುಬ್ಬೇರಿಸಿದರೆ ತಪ್ಪು ಅವರದಲ್ಲ. ವಸಂತ ಋತುವಿನ ವರ್ಣನೆಯನ್ನೋ, ವಿದ್ಯಾರ್ಥಿ ಜೀವನದ ಮಹತ್ವವನ್ನೋ ಬರೆದುಕೊಡಬಹುದಾಗಿತ್ತು. ಆದರೆ ನಾನು ಬಲ್ಲ ವಿಷಯ ಇದು; ಬಲ್ಲೆನೆಂದು ಭ್ರಮಿಸಿ ಪೆಟ್ಟು ತಿಂದ ವಿಷಯವೂ ಇದೇ. ಸಂಜೆಯ ಹೊತ್ತು ನಮ್ಮ ಸೈಕಲ್ ಸ್ಟ್ಯಾಂಡಿನ ಬಳಿ ನಡೆಯುವ ಚರ್ಚೆಯನ್ನು ಕೇಳಿದವರಿಗೆ, ಕೈಯಲ್ಲಿ ಕಾಸಿಲ್ಲದಿದ್ದರೂ ಗಾಡಿಗೆ ಹೆಡರು ಹಾಕಿಸುವ ಹಂಬಲ ನಮ್ಮಲ್ಲಿ ಎಷ್ಟು ಮಂದಿಗಿದೆ ಎಂಬುದು ಗೊತ್ತು. ಅವರಿಗಾಗಿ ಈ ನಾಲ್ಕು ಮಾತು.

ಹೆಡರು ಎಂದರೇನು ಎಂದು ಕೇಳುವ ಅಧ್ಯಾಪಕರಿಗೆ ಮೊದಲು ಒಂದು ವಿವರಣೆ. ಇಂಜಿನ್ನಿನ ಒಂದೊಂದು ಸಿಲಿಂಡರಿನಿಂದಲೂ ಉರಿದ ಹೊಗೆ ಹೊರಬೀಳುತ್ತದೆ. ಅದನ್ನು ಒಟ್ಟುಗೂಡಿಸಲು ಅನೇಕ ಗಾಡಿಗಳಲ್ಲಿ ಕಾರ್ಖಾನೆಯವರೇ ಬೀಡಿನಲ್ಲಿ ಎರಕ ಹೊಯ್ದ ಗಿಡ್ಡ ಮ್ಯಾನಿಫೋಲ್ಡನ್ನು ಕೂರಿಸಿರುತ್ತಾರೆ. ಅದು ಅಗ್ಗ, ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದರೊಳಗೆ ಒಂದು ಸಿಲಿಂಡರಿನ ಹೊಗೆ ಇನ್ನೊಂದರ ದಾರಿಗೆ ಅಡ್ಡ ಬರುತ್ತದೆ. ಅದರ ಬದಲು ಪ್ರತಿ ಸಿಲಿಂಡರಿಗೂ ಉದ್ದನೆಯ ಪ್ರತ್ಯೇಕ ಕೊಳವೆ ಕೊಟ್ಟು ಮುಂದೆ ಕೂಡಿಸುವುದೇ ಹೆಡರು. ರಭಸದಿಂದ ಹೋದ ಹೊಗೆಯ ಬೆನ್ನಿಗೆ ಒತ್ತಡ ತಗ್ಗುತ್ತದೆ. ಆ ಸೆಳೆತ ಸರಿಯಾದ ಹೊತ್ತಿಗೆ ಇನ್ನೊಂದು ಸಿಲಿಂಡರನ್ನು ತಲುಪಿದರೆ ಅದರ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಹೊತ್ತು ತಪ್ಪಿದರೆ ಉಳಿಯುವುದು ಸದ್ದು ಮಾತ್ರ.

ನನ್ನ ಅಣ್ಣ ಏಳನೆಯ ತರಗತಿಗೆ ಓದು ಬಿಟ್ಟು ಗ್ಯಾರೇಜು ಸೇರಿದವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಅದಕ್ಕೆ ಶುಲ್ಕ ಕಟ್ಟಿದವನು ಅವನು. ಅವನಿಗೆ ಇರುವುದು ಒಂದೇ ಶೋಕಿ. ಹಳೆಯ ಮಾರುತಿ ಎಸ್ಟೀಮ್ ಒಂದನ್ನು ಕೊಂಡು, ರಾತ್ರಿಯೆಲ್ಲ ಕೂತು ರಿಪೇರಿ ಮಾಡಿ, ಆಟೋಕ್ರಾಸ್ ಪಂದ್ಯಕ್ಕೆ ಒಯ್ಯುತ್ತಾನೆ. ಮೈದಾನದಲ್ಲಿ ಗುರುತು ನೆಟ್ಟು, ಒಬ್ಬೊಬ್ಬರಾಗಿ ಗಾಡಿ ಓಡಿಸಿ, ಯಾರಿಗೆ ಕಡಿಮೆ ಹೊತ್ತು ಹಿಡಿಯಿತೆಂದು ನೋಡುವ ಪಂದ್ಯ ಅದು. ಎಸ್ಟೀಮಿನ ತಯಾರಿಕೆ 2007ರಲ್ಲೇ ನಿಂತಿತು. ನಮ್ಮದು 1.3 ಲೀಟರಿನ, 16 ವಾಲ್ವಿನ ಇಂಜಿನ್ನು. ಹೊಸದರಲ್ಲಿ 85 ಅಶ್ವಶಕ್ತಿ.

ಹೆಡರಿನ ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಅಚ್ಚು ಹಾಕಿತ್ತು. "ನೀನು ಓದಿದೋನು, ಏನು ಬರೆದವರೆ ನೋಡಿ ಹೇಳೋ" ಎಂದ ಅಣ್ಣ. ನಾನು ಗಂಭೀರವಾಗಿ ಓದಿ ಅರ್ಥ ಹೇಳಿದೆ: 15 ಅಶ್ವಶಕ್ತಿ ಹೆಚ್ಚುತ್ತದೆ! ಗ್ಯಾರೇಜಿನ ಮುದುಕ ಮೇಸ್ತ್ರಿ, "ತೂತಿನೊಳಗೆ ಬೆರಳು ಹಾಕಿ ನೋಡ್ರಪ್ಪ ಮೊದಲು" ಎಂದದ್ದು ನನ್ನ ಕಿವಿಗೆ ಬೀಳಲಿಲ್ಲವೆಂದಲ್ಲ. ಅಚ್ಚಾದ ಅಕ್ಷರದ ಮುಂದೆ ಬೆರಳಿನ ಮಾತಿಗೆ ಏನು ಬೆಲೆ ಎಂದುಕೊಂಡೆ. ಅವ್ವನ ಚೀಟಿಯ ಹಣದಲ್ಲಿ ಒಂಬತ್ತು ಸಾವಿರ ರೂಪಾಯಿ ಎಣಿಸಿ ಕೊಟ್ಟೆವು. ಆ ಸಲ ನನ್ನ ಪರೀಕ್ಷೆಯ ಶುಲ್ಕ ಸಂದಾಯವಾದದ್ದು ದಂಡ ಸಹಿತ.

85ಕ್ಕೆ 15 ಕೂಡುವುದೆಂದರೆ ನೂರಕ್ಕೆ ಹದಿನೇಳಕ್ಕೂ ಮಿಗಿಲು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಷ್ಟು ಲೆಕ್ಕ ಹೊಳೆಯಬಾರದೆ? ಇಂಥ ಸಣ್ಣ ಇಂಜಿನ್ನಿಗೆ, ಬೇರೇನನ್ನೂ ಮುಟ್ಟದೆ ಹೆಡರೊಂದನ್ನೇ ಕೂರಿಸಿದರೆ ಎರಡು ಮೂರು ಅಶ್ವಶಕ್ತಿ ದಕ್ಕುವುದೇ ಭಾಗ್ಯ.

ನಮ್ಮ ಹೆಡರಿನ ದೋಷಗಳು ಅಂಗಡಿಯಲ್ಲೇ ಕಣ್ಣಿಗೆ ಬೀಳಬಹುದಾಗಿದ್ದುವು. ಎಸ್ಟೀಮಿನ ಸಿಲಿಂಡರುಗಳು ಉರಿಯುವ ಸರದಿ ಒಂದು, ಮೂರು, ನಾಲ್ಕು, ಎರಡು. ಒಂದಕ್ಕೆ ನಾಲ್ಕನ್ನೂ ಎರಡಕ್ಕೆ ಮೂರನ್ನೂ ಜೋಡಿಸಿದರೆ, ಜೋಡಿಯ ಎರಡರ ನಡುವೆ ಕ್ರ್ಯಾಂಕಿನ ಒಂದು ಪೂರ್ತಿ ಸುತ್ತಿನ ಬಿಡುವು ಸಿಗುತ್ತದೆ. ಈ ಎರಡು ಜೋಡಿಗಳನ್ನು ಮುಂದೆ ಒಂದಾಗಿಸುವುದು ನಾಲ್ಕು-ಎರಡು-ಒಂದು ಪದ್ಧತಿ. ನಾಲ್ಕನ್ನೂ ಒಮ್ಮೆಗೇ ಕೂಡಿಸುವ ನಾಲ್ಕು-ಒಂದು ಪದ್ಧತಿಯ ಪ್ರಯೋಜನ ಇಂಜಿನ್ನು ಅತಿವೇಗದಲ್ಲಿ ತಿರುಗುವಾಗ. ತಿರುವಿನಿಂದ ತಿರುವಿಗೆ ಎದ್ದು ಬಿದ್ದು ಓಡುವ ಆಟೋಕ್ರಾಸಿಗೂ ಘಟ್ಟದ ದಾರಿಗೂ ಮೊದಲಿನದೇ ಲೇಸೆಂದು ನನ್ನ ಮತ. ನಾವು ತಂದದ್ದು ಹೆಸರಿಗೆ ನಾಲ್ಕು-ಎರಡು-ಒಂದೇ. ಆದರೆ ಕೊಳವೆ ಬಾಗಿಸಲು ಸುಲಭವೆಂದೋ ಏನೋ, ಒಂದಕ್ಕೆ ಎರಡನ್ನೂ ಮೂರಕ್ಕೆ ನಾಲ್ಕನ್ನೂ ಗಂಟು ಹಾಕಿದ್ದರು. ಬೆನ್ನು ಬೆನ್ನಿಗೆ ಉರಿಯುವ ಸಿಲಿಂಡರುಗಳಿಗೆ ಒಂದೇ ದಾರಿ! ಬೀಡಿನ ಮ್ಯಾನಿಫೋಲ್ಡು ಮಾಡಿದ್ದಾದರೂ ಇನ್ನೇನು?

ಎರಡನೆಯದು ಫ್ಲಾಂಜು, ಅಂದರೆ ಇಂಜಿನ್ನಿಗೆ ಒತ್ತಿ ಕೂರುವ ಪಟ್ಟಿ. ಅದು ಹತ್ತು ಮಿಲಿಮೀಟರು ದಪ್ಪವಿದ್ದರೆ ನೆಮ್ಮದಿ. ನಮ್ಮದು ಆರೂ ಇರಲಿಲ್ಲ. ಉಕ್ಕಿನ ಅಡ್ಡಪಟ್ಟಿಯೊಂದನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ ಸೊಟ್ಟಗಿರುವುದು ಯಾರಿಗೂ ಕಾಣುತ್ತದೆ. ಸೊಟ್ಟ ಫ್ಲಾಂಜಿನ ಸಂದಿನಲ್ಲಿ ಹೊಗೆ ಸೋರುವುದಷ್ಟೇ ಅಲ್ಲ, ಹೊರಗಿನ ಗಾಳಿಯೂ ಒಳನುಗ್ಗುತ್ತದೆ. ಆಕ್ಸಿಜನ್ ಸೆನ್ಸರು ಆ ಗಾಳಿಯನ್ನು ಕಂಡು ಪೆಟ್ರೋಲು ಸಾಲದೆಂದು ಸುಳ್ಳು ವರದಿ ಕೊಡುತ್ತದೆ. ಇಂಜಿನ್ನು ಇನ್ನಷ್ಟು ಪೆಟ್ರೋಲು ಕುಡಿಯುತ್ತದೆ. ಬಲ ಹೆಚ್ಚಿಸಿಕೊಳ್ಳಲು ಹೋಗಿ ಬಂಕಿನವನನ್ನು ಸಾಕಿದಂತಾಯಿತು. ಇನ್ನು ಮೇಸ್ತ್ರಿ ಹೇಳಿದ ಬೆರಳು: ಕೊಳವೆಯ ಬಾಯೊಳಗೆ ವೆಲ್ಡಿಂಗಿನ ಗಂಟುಗಳು ಕಡಲೆಕಾಳಿನಂತೆ ಎದ್ದಿದ್ದುವು. ಹೊಗೆ ಸರಾಗವಾಗಿ ಹರಿಯಬೇಕಾದ ಜಾಗದಲ್ಲೇ ಕಲ್ಲು ಹಾಸಿದ ಹಾಗೆ.

ಫಳಫಳ ಹೊಳೆಯುವುದಕ್ಕೆ ಮರುಳಾಗಬಾರದು. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕಿನ ಭಯ ಕಡಿಮೆ, ನಿಜ. ಆದರೆ ಕಾದಾಗ, 304 ಎಂಬ ಬಗೆಯದು ಸಾದಾ ಉಕ್ಕಿಗಿಂತ ಸುಮಾರು ಒಂದೂವರೆಪಟ್ಟು ಹಿಗ್ಗುತ್ತದೆ. ತೆಳು ತಗಡಿನದಾದರೆ, ಹಿಗ್ಗಲು ಎಡೆಯಿಲ್ಲದಂತೆ ಬಿಗಿದರೆ, ಬೆಸುಗೆಯ ಅಂಚಿನಲ್ಲಿ ಸೀಳು ಬಿಡುತ್ತದೆ. ನಮ್ಮದು ಮೂರೇ ತಿಂಗಳಿಗೆ ಬಿಟ್ಟಿತು. ಬಡವನಿಗೆ ದಪ್ಪ ಕೊಳವೆಯ ಸಾದಾ ಉಕ್ಕೇ ಸರಿ. ತುಕ್ಕು ಹಿಡಿದೀತು, ಹಿಡಿಯಲಿ, ಯಾವ ಊರಿನಲ್ಲಾದರೂ ಬೆಸೆದುಕೊಡುವವರು ಸಿಗುತ್ತಾರೆ. ಕೊಳವೆ ಅಗಲವಿದ್ದಷ್ಟೂ ಒಳ್ಳೆಯದೆಂಬ ಮಾತೂ ಸುಳ್ಳು. ಅಗಲ ಹೆಚ್ಚಾದರೆ ಹೊಗೆಯ ರಭಸ ತಗ್ಗಿ, ಸೆಳೆತವೇ ಸತ್ತುಹೋಗುತ್ತದೆ.

ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತುಹಾಕಿಸುವ ಹೆಡರನ್ನಂತೂ ರಸ್ತೆಯ ಗಾಡಿಗೆ ಯಾರೂ ಹಾಕಿಸಕೂಡದು. ಈಚಿನ ಅನೇಕ ಕಾರುಗಳಲ್ಲಿ ಅದು ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ. ಅಂಥ ಗಾಡಿಯವರು ಈ ಆಸೆ ಬಿಡುವುದೇ ವಾಸಿ. 1988ರ ಮೋಟಾರು ವಾಹನ ಕಾಯ್ದೆಯ ಮಾತು ಹಾಗಿರಲಿ, ಆ ವಿಷದ ಹೊಗೆಯನ್ನು ಕುಡಿಯುವವರು ಬಸ್ ನಿಲ್ದಾಣದಲ್ಲಿ ನಿಂತ ನಮ್ಮ ಮನೆಯವರೇ ಅಲ್ಲವೆ?

ಒಂಬತ್ತು ಸಾವಿರ ಕೈಯಲ್ಲಿದ್ದವರು ಅದನ್ನು ಟೈರಿಗೆ ಹಾಕಲಿ, ವಾಲ್ವುಗಳ ಸಂದು ಸರಿಪಡಿಸಲಿ, ಬ್ರೇಕು ನೋಡಿಸಲಿ, ಹೆಡರು ಕಡೆಯದು. ಇಷ್ಟು ಕೇಳಿಯೂ ಬೇಕೆನ್ನುವವರು ಪೆಟ್ಟಿಗೆಯ ಮೇಲಿನದನ್ನು ಓದುವ ಮುನ್ನ ಬೆರಳು ಹಾಕಿ ನೋಡಲಿ.

ಅಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು. ಬೀಡಿನ ಮ್ಯಾನಿಫೋಲ್ಡನ್ನು ತೊಳೆದು ಮತ್ತೆ ಕೂರಿಸಿದ. ಈಗ ರಾತ್ರಿ ಗ್ಯಾರೇಜು ಮುಚ್ಚಿದ ಮೇಲೆ ಮೇಸ್ತ್ರಿಯ ಜೊತೆ ತಾನೇ ಕೊಳವೆ ಕೊಯ್ದು ಬೆಸೆಯುತ್ತಿದ್ದಾನೆ. ನಾಲ್ಕೂ ಒಂದೇ ಉದ್ದವಿರಬೇಕು. ಬಳಸಿಕೊಂಡು ಬರುವ ಕೊಳವೆಯನ್ನು ದಾರದಿಂದ ಅಳೆದು ಬರೆದಿಡುವ ಕೆಲಸ ನನ್ನದು. ಲೆಕ್ಕವೆಲ್ಲ ನನ್ನ ಅರ್ಥಶಾಸ್ತ್ರದ ನೋಟು ಪುಸ್ತಕದ ಹಿಂದಿನ ಪುಟದಲ್ಲಿದೆ. ನಾಲ್ಕನೆಯದು ಇನ್ನೂ ಎರಡು ಅಂಗುಲ ಗಿಡ್ಡ.