ಅಳತೆಗೋಲು ಎಲ್ಲಿ ಹಿಡಿಯಬೇಕು?

ಗ್ರಾಮ ಆರೋಗ್ಯ ಸಮಿತಿಯ ನಡಾವಳಿ ಪುಸ್ತಕ ತೆರೆದರೆ ಎಷ್ಟು ಸಭೆ ನಡೆಯಿತು, ಎಷ್ಟು ಸಹಿ, ಎಷ್ಟು ಹೆಬ್ಬೆಟ್ಟು ಬಿತ್ತು ಎಂಬುದೆಲ್ಲ ಸಿಗುತ್ತದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದ ಮೇಲೆ ದೇಶದ ಉದ್ದಗಲಕ್ಕೂ ಇಂಥ ಸಮಿತಿಗಳು ಹುಟ್ಟಿಕೊಂಡವು. ಜನ ಬಂದು ಕೂತಿದ್ದರಿಂದ ಆದದ್ದೇನು ಎಂದು ಕೇಳಿದರೆ ಮಾತ್ರ ಪುಸ್ತಕದಲ್ಲಿ ಉತ್ತರ ಸಿಗುವುದು ಕಷ್ಟ.

ಹಾಗಾದರೆ ಸಾವು-ಬದುಕಿನ ಲೆಕ್ಕವನ್ನೇ ಹಿಡಿದರೆ? ಉಗಾಂಡದಲ್ಲಿ ಹಾಗೆ ಮಾಡಿ ನೋಡಿದರು. 50 ಸಮುದಾಯಗಳ ಪೈಕಿ ಅರ್ಧದಲ್ಲಿ ಜನರ ಕೈಗೆ ತಮ್ಮ ಆರೋಗ್ಯ ಕೇಂದ್ರದ ಅಂಕಪಟ್ಟಿ ಕೊಟ್ಟು, ಸಿಬ್ಬಂದಿಯೊಂದಿಗೆ ಎದುರುಬದುರು ಮಾತಾಡಿಸಿದರು. ಒಂದೇ ವರ್ಷದಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಶೇ. 33ರಷ್ಟು ಕಡಿಮೆಯಾಗಿದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಮುಂದೆ ಅದೇ ದೇಶದ 376 ಕೇಂದ್ರಗಳಲ್ಲಿ ಅಂಥದೇ ಪ್ರಯೋಗ ನಡೆದಾಗ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಅಷ್ಟರಲ್ಲಿ ಇಡೀ ದೇಶದಲ್ಲೇ ಮಕ್ಕಳ ಸಾವು ಇಳಿದಿತ್ತು. ಕೊನೆಯ ಅಂಕಿಯೊಂದನ್ನೇ ನಂಬಿದವರಿಗೆ ಮೊದಲ ಸಲ ಪವಾಡ, ಎರಡನೆಯ ಸಲ ಸೊನ್ನೆ.

ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಊರುಗಳ ಕಥೆ ಇನ್ನೂ ಕುತೂಹಲದ್ದು. ಅಲ್ಲಿ ‘ಏಕಜುಟ್’ ಸಂಸ್ಥೆ ಹೆಂಗಸರ ಗುಂಪು ಕಟ್ಟಿತು. ಬಾಣಂತಿ-ಮಗುವಿನ ಕಷ್ಟಗಳಲ್ಲಿ ಯಾವುದು ಮುಖ್ಯ, ಅದಕ್ಕೇನು ದಾರಿ ಎಂಬುದನ್ನು ಅವರೇ ತೀರ್ಮಾನಿಸಿದರು. ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಸಾವು ಶೇ. 32ರಷ್ಟು ಕಡಿಮೆಯಾಯಿತು. ಆದರೆ ಆಸ್ಪತ್ರೆಗೆ ಹೋಗುವವರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ಏರಿಕೆಯಿರಲಿಲ್ಲ! ಬದಲಾವಣೆ ಆದದ್ದು ಮನೆಯೊಳಗೆ: ಹೆರಿಗೆ ಮಾಡಿಸುವವರು ಸಾಬೂನಿನಿಂದ ಕೈ ತೊಳೆದರು, ಹೊಕ್ಕುಳಬಳ್ಳಿ ಕಟ್ಟುವ ದಾರವನ್ನು ಕುದಿಸಿದರು. ಬರೀ ಆಸ್ಪತ್ರೆಯ ದಾಖಲೆ ನೋಡಿದ್ದರೆ ಈ ಕೆಲಸ ವಿಫಲ ಎಂದು ಫೈಲು ಮುಚ್ಚಬಹುದಿತ್ತು.

ಬಾಂಗ್ಲಾದೇಶದಲ್ಲಿ ಇದೇ ವಿಧಾನ ಮೊದಲು ಸೋತಿತು. ಸುಮಾರು 1400 ಜನರಿಗೆ ಒಂದೇ ಗುಂಪಿತ್ತು. ಸುಮಾರು 300 ಜನರಿಗೊಂದು ಗುಂಪು ಮಾಡಿದ ಮೇಲೆ ಫಲ ಸಿಕ್ಕಿತು. ಸಾವಿನ ಅಂಕಿಯೊಂದನ್ನೇ ನೋಡಿದ್ದರೆ ಕುಂದು ವಿಧಾನದ್ದೇ ಎನಿಸುತ್ತಿತ್ತು, ಗುಂಪು ಎಷ್ಟು ಜನರನ್ನು ಮುಟ್ಟಿತೆಂಬುದು ಕಾಣುತ್ತಿರಲಿಲ್ಲ.

ಹಾಗಾಗಿ ಜನರ ಕೈ ಎಲ್ಲಿಗೆ ಎಟಕುತ್ತದೋ ಅಲ್ಲೇ ಅಳೆಯಬೇಕು. ದಾರ ಕುದಿಸುವುದು ಹೆಂಗಸರ ಕೈಯಲ್ಲಿದೆ, ನರ್ಸ್ ನೇಮಕ ಅವರ ಕೈಯಲ್ಲಿಲ್ಲ. ನರ್ಸ್ ಬೇಕೆಂದು ಸಮಿತಿ ಬರೆದಿದ್ದರೆ ಆ ಕಾಗದ ಯಾವ ಮೇಜು ತಲುಪಿತು, ಯಾರು ಒಪ್ಪಿದರು, ಯಾರು ತಳ್ಳಿಹಾಕಿದರು ಎಂಬುದನ್ನು ದಿನಾಂಕ ಸಮೇತ ಹಿಂಬಾಲಿಸಬೇಕು. ಇದಕ್ಕೆ ದೊಡ್ಡ ಸಂಶೋಧನೆಯೇನೂ ಬೇಡ. ಹಿಂದಿನ ಸಭೆಯ ಬೇಡಿಕೆಗಳನ್ನು ಗಟ್ಟಿಯಾಗಿ ಓದಿ, ಒಂದೊಂದರ ಮುಂದೂ ಏನಾಯಿತೆಂದು ಬರೆದ ಮೇಲೆಯೇ ಹೊಸ ಸಹಿ ಹಾಕಿಸಿಕೊಳ್ಳಬಹುದು.