ಅವ್ವನ ರೆಪ್ಪೆ ಎತ್ತಿಸಬೇಕಾ, ಬೇಡವಾ?

ನಮ್ಮ ತಂಡದಲ್ಲೊಬ್ಬರ ಅವ್ವ ಮದ್ದೂರು–ಮಳವಳ್ಳಿ ರಸ್ತೆಯ ಒಂದು ಹಳ್ಳಿಯವರು. ವಯಸ್ಸು 68. ಬಸ್ಸು ಬಂದರೆ ಗದ್ದ ಮೇಲಕ್ಕೆತ್ತಿ, ಎಡಗಣ್ಣಿನ ರೆಪ್ಪೆಯನ್ನು ಬೆರಳಲ್ಲಿ ಎತ್ತಿ ಹಿಡಿದು ಬೋರ್ಡು ನೋಡುತ್ತಾರೆ. ಸಂಜೆ ಹೊತ್ತಿಗೆ ಹಣೆ ನೋವು, ಕತ್ತು ನೋವು. "ಅಕ್ಕಿ ಆರ್ಸಕ್ಕೆ ಎರಡು ಕೈ ಬೇಕು, ರೆಪ್ಪೆ ಹಿಡ್ಕೊಳ್ಳಕ್ಕೆ ಮೂರನೇ ಕೈ ಎಲ್ಲಿಂದ ತರ್ಲಿ?" ಅಂತ ನಗುತ್ತಾರೆ.

ಎರಡು ವರ್ಷದ ಹಿಂದೆ ಒಂದು ಕ್ಯಾಂಪಿನಲ್ಲಿ ಅವರಿಗೆ ಪೊರೆ ತೆಗೆದರು. ಆಪರೇಷನ್ ಚೆನ್ನಾಗೇ ಆಯಿತು. ಆದರೂ "ಮ್ಯಾಲಿಂದು ಕಾಣಕಿಲ್ಲ" ಅನ್ನುವುದು ನಿಲ್ಲಲಿಲ್ಲ. ಮನೆಯವರು ವಯಸ್ಸಾಯಿತು ಬಿಡು ಅಂದರು. ನಾವೂ ಹಾಗೇ ಅಂದುಕೊಂಡಿದ್ದೆವು, ಸುಳ್ಳು ಹೇಳುವುದಿಲ್ಲ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಮಾಡಿ ಸಾವಿರಾರು ಜನರ ಪೊರೆ ತೆಗೆದ ಕಾಲದಿಂದಲೂ ನಮ್ಮ ಕಡೆ ಕಣ್ಣಿನ ಆಪರೇಷನ್ ಅಂದರೆ ಪೊರೆ, ಪೊರೆ ಅಂದರೆ ಕಣ್ಣಿನ ಆಪರೇಷನ್. ರೆಪ್ಪೆಗೂ ಆಪರೇಷನ್ ಇದೆ ಅನ್ನುವುದು ಸಿನಿಮಾದವರ ವಿಷಯ ಅಂತಲೇ ತುಂಬ ಜನರ ಲೆಕ್ಕ.

ಕೊನೆಗೆ ಕಣ್ಣಿನ ಡಾಕ್ಟರೊಬ್ಬರು ಸರಿಯಾಗಿ ನೋಡಿದರು. ಯಂತ್ರದ ಮುಂದೆ ಕೂರಿಸಿ, ಸುತ್ತಮುತ್ತ ಹೊತ್ತಿಕೊಳ್ಳುವ ಬೆಳಕಿನ ಚುಕ್ಕಿ ಎಷ್ಟು ಕಾಣುತ್ತದೆ ಅಂತ ಪರೀಕ್ಷೆ ಮಾಡಿದರು. ಆಮೇಲೆ ರೆಪ್ಪೆಯನ್ನು ಅಂಟುಪಟ್ಟಿಯಲ್ಲಿ ಮೇಲಕ್ಕೆ ಎತ್ತಿ ಅಂಟಿಸಿ ಅದೇ ಪರೀಕ್ಷೆ ಇನ್ನೊಂದು ಸಲ. ಎರಡನೇ ಸಲ ಮೇಲಿನ ಚುಕ್ಕಿಗಳೆಲ್ಲ ಕಂಡವು. ಪಟ್ಟಿ ತೆಗೆಯುವ ಮುಂಚೆ ಅವ್ವ ತಲೆ ಎತ್ತದೆಯೇ ಸುತ್ತ ನೋಡಿ, "ಅಯ್ಯೋ, ಫ್ಯಾನು ಇಲ್ಲೇ ಐತಾ?" ಅಂದರು.

ಆ ಮಾತಿನ ಮೇಲೆ ನಮ್ಮ ವಾದವೆಲ್ಲ ನಿಂತಿದೆ. ರೆಪ್ಪೆ ಎತ್ತಿದರೆ ಕಾಣುತ್ತದೆ, ಬಿಟ್ಟರೆ ಕಾಣುವುದಿಲ್ಲ ಅಂದ ಮೇಲೆ ಅದು ಅಂದದ ಆಪರೇಷನ್ ಅಲ್ಲ, ದೃಷ್ಟಿಯ ಆಪರೇಷನ್. ಆದರೆ ಊರಲ್ಲಿ ನಡೆಯುವ ಮಾತೆಲ್ಲ ಅಂದದ್ದೇ. "ಈ ವಯಸ್ಸಲ್ಲಿ ನಿಂಗೇನು ಮದ್ವೇನಾ ಅಕ್ಕ?" ಅಂತ ಪಕ್ಕದ ಮನೆಯಾಕೆ. ಅಣ್ಣನ ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ ಹೆದರಿಸಿದ. ಆ ಹುಡುಗಿಗೆ 21 ವರ್ಷ, ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಅದಕ್ಕೂ ಅವ್ವನ ರೆಪ್ಪೆಗೂ ಏನು ಸಂಬಂಧ?

ಮನೆಯಲ್ಲೇ ಒಂದು ಅಂದಾಜು ಮಾಡಬಹುದು. ಕನ್ನಡಿ ಮುಂದೆ ನಿಂತು ನೇರ ನೋಡಿ. ಮೇಲಿನ ರೆಪ್ಪೆ ಕಣ್ಣಿನ ಕಪ್ಪು ಗುಡ್ಡೆಯ ಅಂಚನ್ನು ಒಂದೆರಡು ಮಿಲಿಮೀಟರು ಮುಚ್ಚುವುದು ಎಲ್ಲರಿಗೂ ಇರುತ್ತದೆ. ನಡುವಿನ ಪಾಪೆಯವರೆಗೂ ಇಳಿದಿದ್ದರೆ ಡಾಕ್ಟರಿಗೆ ತೋರಿಸಬೇಕು. ವಯಸ್ಸಾದವರಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ರೆಪ್ಪೆ ಎತ್ತುವ ಸ್ನಾಯುವಿನ ತುದಿ ಹಳೇ ಹಗ್ಗದ ಹಾಗೆ ಸಡಿಲವಾಗಿರುತ್ತದೆ, ಇಲ್ಲವೇ ಮೇಲಿನ ಚರ್ಮವೇ ಜೋತು ಮಡಿಕೆ ಬಿದ್ದಿರುತ್ತದೆ. ಕೆಲವರಿಗೆ ಎರಡೂ. ಒಂದಕ್ಕೆ ಸ್ನಾಯುವನ್ನು ಬಿಗಿ ಮಾಡಬೇಕು, ಇನ್ನೊಂದಕ್ಕೆ ಚರ್ಮ ಕತ್ತರಿಸಿ ಹೊಲಿಯಬೇಕು. ಯಾವುದು ಅಂತ ಡಾಕ್ಟರೇ ಹೇಳಬೇಕು.

ಆಪರೇಷನ್ನಿಗೆ ಅಲ್ಲ, ನೇರ ಆಸ್ಪತ್ರೆಗೆ ಓಡಬೇಕಾದ ರೆಪ್ಪೆಯೂ ಇದೆ. ನಿನ್ನೆವರೆಗೂ ಸರಿಯಿದ್ದ ರೆಪ್ಪೆ ಇವತ್ತು ಬಿದ್ದರೆ, ಜೊತೆಗೆ ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು, ಒಂದು ಪಾಪೆ ದೊಡ್ಡದಾಗಿರುವುದು ಇದ್ದರೆ ತಡಮಾಡಬಾರದು. ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತದೆ, ಮೆದುಳಿನ ರಕ್ತನಾಳ ಊದಿಕೊಂಡರೂ ಆಗುತ್ತದೆ. ಬೆಳಗ್ಗೆ ಸರಿಯಿದ್ದು ಸಂಜೆಗೆ ರೆಪ್ಪೆ ಬೀಳುವುದು ಮಯಸ್ತೇನಿಯಾ ಅನ್ನುವ ಕಾಯಿಲೆ ಇರಬಹುದು, ಅದಕ್ಕೆ ಮೊದಲು ಬೇಕಾದದ್ದು ಮಾತ್ರೆ, ಕತ್ತರಿಯಲ್ಲ. ಇನ್ನು ಗದ್ದೆ ಬಯಲಿನ ನಮಗೆ ಗೊತ್ತಿರಲೇಬೇಕಾದ ಮಾತು: ರಾತ್ರಿ ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಎರಡೂ ರೆಪ್ಪೆ ಎತ್ತಲಾಗದೆ, ಎಂಜಲು ನುಂಗಲಾಗದೆ ಒದ್ದಾಡಿದರೆ ಕಟ್ಟುಹಾವು ಕಡಿದಿರಬಹುದು. ಕಚ್ಚಿದ ಗುರುತೂ ಕಾಣದೆ ಇರಬಹುದು. ಮಂತ್ರ ಹಾಕಿಸುತ್ತಾ ಕೂರದೆ 108ಕ್ಕೆ ಫೋನು ಮಾಡಿ.

ವಯಸ್ಸಾದವರಿಗೆ ಇನ್ನೊಂದು ಕಾಟವಿದೆ. ರೆಪ್ಪೆ ಒಳಕ್ಕೆ ತಿರುಗಿ ಕೂದಲು ಗುಡ್ಡೆಗೆ ಚುಚ್ಚುವುದು. ಮೊಮ್ಮಕ್ಕಳ ಕೈಲಿ ಚಿಮಟದಲ್ಲಿ ಕೀಳಿಸಿಕೊಳ್ಳುವ ಅಜ್ಜಿಯರನ್ನು ನೋಡಿದ್ದೇವೆ. ಕಿತ್ತ ಕೂದಲು ಮತ್ತೆ ಮೊಳೆಯುತ್ತದೆ, ಉಜ್ಜಿ ಉಜ್ಜಿ ಗುಡ್ಡೆ ಬೆಳ್ಳಗಾಗುತ್ತದೆ. ಇದಕ್ಕೂ ಸಣ್ಣ ಆಪರೇಷನ್ ಇದೆ.

ದೊಡ್ಡವರು ತಡಮಾಡಿದರೆ ಕಷ್ಟ ಪಡುತ್ತಾರೆ, ಆದರೆ ರೆಪ್ಪೆ ಎತ್ತಿದ ದಿನ ಮತ್ತೆ ಕಾಣುತ್ತದೆ. ಮಕ್ಕಳ ಕತೆ ಹಾಗಲ್ಲ. ಮಳವಳ್ಳಿ ಕಡೆಯ ಒಂದು ಅಂಗನವಾಡಿಯಲ್ಲಿ ನಾಲ್ಕು ವರ್ಷದ ಹುಡುಗಿಯನ್ನು ನೋಡಿದೆವು. ಹುಟ್ಟಿದಾಗಿನಿಂದ ಬಲ ರೆಪ್ಪೆ ಪಾಪೆ ಮುಚ್ಚುವಷ್ಟು ಇಳಿದಿದೆ. ಆಟ ಆಡುವಾಗಲೂ ಗದ್ದ ಎತ್ತಿಕೊಂಡೇ ಓಡುತ್ತಾಳೆ. ಗ್ರಹಣದ ದೋಷ ಅಂತ ಅಜ್ಜಿ. ಅಪ್ಪನದು, "ಮದ್ವೆ ಹೊತ್ಗೆ ಮಾಡ್ಸುದ್ರಾಯ್ತು, ಈಗ್ಲೇ ಯಾಕೆ ಮಗೀಗೆ ನೋವು ಕೊಡೋದು."

ಈ ಮಾತಿಗೆ ನಾವು ಗಟ್ಟಿಯಾಗಿ ವಿರೋಧ ಹೇಳುತ್ತೇವೆ. ನೋಡುವುದನ್ನು ಕಲಿಯುವುದು ಬರೀ ಕಣ್ಣಲ್ಲ, ಮೆದುಳು. ಆ ಕಲಿಕೆ ಹೆಚ್ಚುಕಡಿಮೆ ಏಳೆಂಟು ವರ್ಷದೊಳಗೆ ನಡೆಯುತ್ತದೆ. ಆ ವರ್ಷಗಳಲ್ಲಿ ಒಂದು ಕಣ್ಣಿಗೆ ಪರದೆ ಬಿದ್ದಿದ್ದರೆ ಮೆದುಳು ಆ ಕಣ್ಣನ್ನು ಲೆಕ್ಕದಿಂದಲೇ ಬಿಟ್ಟುಬಿಡುತ್ತದೆ. ಇಪ್ಪತ್ತಕ್ಕೆ ರೆಪ್ಪೆ ಎತ್ತಿಸಿದರೆ ಮದುವೆ ಫೋಟೊದಲ್ಲಿ ಎರಡೂ ಕಣ್ಣು ಸಮ ಕಾಣಬಹುದು, ಆದರೆ ಆ ಕಣ್ಣಲ್ಲಿ ಓದಲು ಆಗದೇ ಹೋಗಬಹುದು. ಸ್ವಲ್ಪವೇ ಇಳಿದ ರೆಪ್ಪೆಯಾದರೆ ಕಾಯಬಹುದು, ಆಗಲೂ ಡಾಕ್ಟರು ಆಗಾಗ ದೃಷ್ಟಿ ನೋಡುತ್ತಿರಬೇಕು, ಬೇಕಾದರೆ ಕನ್ನಡಕ ಹಾಕಿಸಬೇಕು. ಪಾಪೆ ಮುಚ್ಚಿದ್ದರೆ ಕಾಯುವ ಹಾಗಿಲ್ಲ. ಅಂಗನವಾಡಿಗೂ ಶಾಲೆಗೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. ಅವತ್ತು ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಟೀಚರುಗಳಿಗೂ ಒಂದು ಮಾತು: ಗದ್ದ ಎತ್ತಿ ಬೋರ್ಡು ನೋಡುವ ಮಗುವಿಗೆ "ನೆಟ್ಟಗೆ ಕೂತ್ಕೋ" ಅಂತ ಗದರುವ ಮುಂಚೆ ಅದರ ರೆಪ್ಪೆ ನೋಡಿ.

ಬರೀ ಅಂದಕ್ಕಾಗಿ ಮಾಡಿಸಬೇಕೆನ್ನುವವರು ಮಾಡಿಸಿಕೊಳ್ಳಲಿ, ಅವರ ಮುಖ, ಅವರ ಇಷ್ಟ. ಆದರೆ ಕೈಸಾಲ ಮಾಡಿ, ರೀಲ್ಸ್ ನೋಡಿ, ಕಣ್ಣಿನ ಡಾಕ್ಟರೇ ಇಲ್ಲದ ಬ್ಯೂಟಿ ಕ್ಲಿನಿಕ್ಕಿಗೆ ಹೋಗುವುದು ಬೇಡ.

ಹೆದರಿಕೆ ಇಲ್ಲವೇ ಇಲ್ಲ ಅಂತ ನಾವು ಹೇಳುವುದಿಲ್ಲ. ದೊಡ್ಡವರಿಗೆ ರೆಪ್ಪೆಗಷ್ಟೇ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ನಡುವೆ ಕಣ್ಣು ಬಿಡಿ, ಮುಚ್ಚಿ ಅಂತ ಹೇಳಿ ಎತ್ತರ ನೋಡಿಕೊಳ್ಳುತ್ತಾರೆ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಬೇಕು. ಒಂದು ರೆಪ್ಪೆ ಹೆಚ್ಚು, ಒಂದು ಕಡಿಮೆ ಆಗಬಹುದು, ಇನ್ನೊಮ್ಮೆ ಸರಿಮಾಡಬೇಕಾಗಬಹುದು. ಅತಿಯಾಗಿ ಎತ್ತಿದರೆ ಮಲಗಿದಾಗ ಕಣ್ಣು ಪೂರ್ತಿ ಮುಚ್ಚದೆ ಒಣಗಿ ಗುಡ್ಡೆ ಹುಣ್ಣಾಗುವ ಅಪಾಯವಿದೆ. ತೀರಾ ಅಪರೂಪಕ್ಕೆ ಒಳಗೆ ರಕ್ತ ಕಟ್ಟಿ ದೃಷ್ಟಿಗೇ ತೊಂದರೆಯಾಗುವುದೂ ಇದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಬೇಕು, ಹಾರ್ಟಿನ ಡಾಕ್ಟರನ್ನು ಕೇಳದೆ ತಾವೇ ನಿಲ್ಲಿಸಬಾರದು. ಇದನ್ನೆಲ್ಲ ಡಾಕ್ಟರ ಬಾಯಲ್ಲೇ ಕೇಳಿ. ಕೇಳಿದರೆ ಸಿಡುಕುವವರಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ.

ಮಂಡ್ಯದ ಮಿಮ್ಸ್‌ನಲ್ಲಿ ಕಣ್ಣಿನ ವಿಭಾಗವಿದೆ, ಮೊದಲು ಅಲ್ಲಿಗೇ ಹೋಗಿ ಚೀಟಿ ಮಾಡಿಸಿ. ರೆಪ್ಪೆಯ ಕೆಲಸದಲ್ಲಿ ಪಳಗಿದವರೇ ಬೇಕು ಅಂದರೆ ಮೈಸೂರಿಗೋ ಬೆಂಗಳೂರಿನ ಮಿಂಟೊ ಆಸ್ಪತ್ರೆಗೋ ಬರೆಸಿಕೊಳ್ಳಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಮತ್ತು ರೇಷನ್ ಕಾರ್ಡು ಜೊತೆಗಿರಲಿ. ಅಂದದ ಆಪರೇಷನ್ನಿಗೆ ಯೋಜನೆಯ ಹಣ ಬರುವುದಿಲ್ಲ. ಆದ್ದರಿಂದ ದೃಷ್ಟಿ ಎಷ್ಟು ಮರೆಯಾಗಿದೆ ಅನ್ನುವ ಪರೀಕ್ಷೆಯ ವರದಿಯನ್ನು ಕಳೆಯಬೇಡಿ.

ಅವ್ವ ಒಪ್ಪಿದ್ದಾರೆ. ಆದರೆ ಕಬ್ಬು ಕಡಿದು ಸಾಗಿಸಿದ ಮೇಲೆ ಅಂತೆ. ಹೊಲಿಗೆ ಬಿಚ್ಚುವುದಕ್ಕೆ ಸುಮಾರು ಒಂದು ವಾರ, ಊತ ಇಳಿಯುವುದಕ್ಕೆ ಇನ್ನೊಂದು ವಾರ, ಅಷ್ಟು ದಿನ ಬಗ್ಗುವುದು, ಭಾರ ಹೊರುವುದು ಬೇಡ ಅಂದಿದ್ದಾರೆ. ಅವ್ವನಿಗೆ ಆಪರೇಷನ್ನಿಗಿಂತ ಅದೇ ದೊಡ್ಡ ಚಿಂತೆ, ಹಸು ಯಾರು ನೋಡಿಕೊಳ್ಳುತ್ತಾರೆ ಅಂತ. ರೆಪ್ಪೆ ಮೊದಲು ಹೇಗಿತ್ತು ಅಂತ ನೋಡಲು ಹಳೇ ಫೋಟೊ ತನ್ನಿ ಅಂತಲೂ ಡಾಕ್ಟರು ಹೇಳಿದ್ದರು. ಟ್ರಂಕೆಲ್ಲ ತಡಕಿದ ಮೇಲೆ ಸಿಕ್ಕಿದ್ದು ಮಗಳ ಮದುವೆಯದು ಒಂದೇ. ಅದರಲ್ಲೂ ಧಾರೆ ಹೊಯ್ಯುವಾಗ ತಲೆ ಬಗ್ಗಿಸಿ ಅಳುತ್ತಿದ್ದಾರೆ. "ಇದ್ರಲ್ಲಿ ರೆಪ್ಪೆ ಎಲ್ಲಿ ಕಂಡದು, ಬುಡಿ. ಹಳೇ ಓಟರ್ ಕಾರ್ಡು ತತ್ತೀನಿ" ಅಂತ ಎದ್ದು ಹೋದರು.